ಹೊಸ ಮಾನ್‌ಸ್ಟರ್ ಟ್ರಕ್: ಮೊದಲು ಪಳಗಿಸಿ, ಆಮೇಲೆ ಬಲಪಡಿಸಿ

ರಿಮೋಟಿನಿಂದ ಓಡುವ ಮಾನ್‌ಸ್ಟರ್ ಟ್ರಕ್ ಕೊಳ್ಳುವವರಲ್ಲಿ ಅನೇಕರು ಗಾಡಿಯ ಜೊತೆಯಲ್ಲೇ ಅಲ್ಯೂಮಿನಿಯಂ ಸಸ್ಪೆನ್ಶನ್ ಆರ್ಮು, ದೊಡ್ಡ ಮೋಟರು, ಇನ್ನೂ ದಪ್ಪ ಟೈರುಗಳಿಗೂ ದುಡ್ಡು ಕಟ್ಟಿಬಿಡುತ್ತಾರೆ. ಗಾಡಿ ಇನ್ನೂ ಮಣ್ಣು ಮುಟ್ಟಿರುವುದಿಲ್ಲ, ಅದರ ಬದಲಿ ಭಾಗಗಳು ಆಗಲೇ ಮನೆಗೆ ಬಂದಿರುತ್ತವೆ. ಈ ಕ್ರಮ ತಲೆಕೆಳಗಾದದ್ದು. ಯಾವ ಭಾಗ ಮೊದಲು ಸೋಲುತ್ತದೆ ಎಂಬುದನ್ನು ಗಾಡಿಯೇ ಹೇಳಬೇಕು. ಅದು ಹೇಳುವುದು ಪಳಗಿಸುವ ಹೊತ್ತಿನ ನಿಧಾನದ ಓಟದಲ್ಲಿ, ಅದರ ಬೆನ್ನಿಗೇ ಬರುವ ಮೊದಲ ಬೀಳು-ಏಳುಗಳಲ್ಲಿ. ಆ ಮಾತು ಕೇಳಿಸಿಕೊಂಡವರು ಕಡಿಮೆ ಭಾಗ ಕೊಳ್ಳುತ್ತಾರೆ, ಹೆಚ್ಚು ದಿನ ಓಡಿಸುತ್ತಾರೆ.

ನಿಜವಾದ ಮಾನ್‌ಸ್ಟರ್ ಟ್ರಕ್ಕಿನ ಕಥೆಯೂ ಹೀಗೆಯೇ ಶುರುವಾದದ್ದು. ಅಮೆರಿಕದ ಮಿಸ್ಸೌರಿ ರಾಜ್ಯದ ಬಾಬ್ ಚಾಂಡ್ಲರ್ ತಮ್ಮ 1974ರ ಫೋರ್ಡ್ ಎಫ್-250 ಪಿಕಪ್‌ಗೆ ದೊಡ್ಡ ಟೈರು ಹಾಕಿದರು. ಆ ಟೈರಿನ ಭಾರಕ್ಕೆ ಆಕ್ಸಲ್‌ಗಳು ಮುರಿದವು. ಹೆಚ್ಚು ಗಟ್ಟಿಯ ಆಕ್ಸಲ್ ಬಂತು, ಅದು ಬಂದ ಮೇಲೆ ಇನ್ನೂ ದೊಡ್ಡ ಟೈರು ಬಂತು. ಮುಂದೆ ಸೇನೆಯ ಟ್ರಕ್‌ಗಳ ಆಕ್ಸಲ್‌ವರೆಗೆ ಹೋದ ಆ ಗಾಡಿಯೇ ಬಿಗ್‌ಫುಟ್. 1981ರಲ್ಲಿ ಚಾಂಡ್ಲರ್ ಅದನ್ನು ಹಳೆಯ ಕಾರುಗಳ ಮೇಲೆ ಹತ್ತಿಸಿ ಅಪ್ಪಚ್ಚಿ ಮಾಡಿದ ಮೇಲೆ ಮಾನ್‌ಸ್ಟರ್ ಟ್ರಕ್ಕಿನ ಹುಚ್ಚು ದೇಶವನ್ನೆಲ್ಲ ಹಿಡಿಯಿತು. ಜಪಾನಿನ ಟಾಮಿಯಾ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಎಂಬ ರಿಮೋಟ್ ಕಿರುಗಾಡಿ ತಂದಿತು: ಹಿಂದೊಂದು ಮುಂದೊಂದು ಎರಡು ಮೋಟರು, ನಾಲ್ಕೂ ಚಕ್ರ ತಿರುಗುವ ಸ್ಟೀರಿಂಗ್. 1999ರಲ್ಲಿ ಟೆಕ್ಸಾಸ್‌ನ ಟ್ರ್ಯಾಕ್ಸಸ್ ಕಂಪನಿ ನೈಟ್ರೋ ಇಂಧನದ ಟಿ-ಮ್ಯಾಕ್ಸ್ ಬಿಟ್ಟಿತು. ರಿವರ್ಸ್ ಗೇರಿದ್ದ ಆ ಗಾಡಿ ಮನೆಮಾತಾಯಿತು, ಅದಕ್ಕೆ ಬಿಡಿಭಾಗ ಮಾಡುವುದೇ ಒಂದು ದೊಡ್ಡ ವ್ಯಾಪಾರವಾಯಿತು.

ಪಳಗಿಸುವುದು ಎಂದರೇನೆಂದು ಚೆನ್ನಾಗಿ ಅರ್ಥವಾಗುವುದು ನೈಟ್ರೋ ಎಂಜಿನ್‌ನಲ್ಲೇ. ಅಂಗೈಯಲ್ಲಿ ಹಿಡಿಸುವ ಎರಡು ಸ್ಟ್ರೋಕಿನ ಎಂಜಿನ್ ಅದು, 2.5 ಅಥವಾ 3.3 ಸಿಸಿ. ಆದರೆ ನಿಮಿಷಕ್ಕೆ 30,000 ಸುತ್ತು ತಿರುಗಬಲ್ಲದು. ಅಂದರೆ ಸೆಕೆಂಡಿಗೆ 500 ಸಲ ಒಳಗೆ ಬೆಂಕಿ ಹೊತ್ತಬೇಕು. ಇದರಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಹೆಚ್ಚು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಪಿಸ್ಟನ್ನು, ಒಳಗೋಡೆಗೆ ಕ್ರೋಮ್ ಹಾಕಿದ ಹಿತ್ತಾಳೆಯ ಸ್ಲೀವಿನಲ್ಲಿ ಓಡುತ್ತದೆ. ಸ್ಲೀವು ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಹೊಸ ಎಂಜಿನ್ನಿನ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ನೋಡಿ: ಪಿಸ್ಟನ್ ಮೇಲ್ತುದಿಗೆ ಬಂದಾಗ ಗಕ್ಕನೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ, ಅದು ಹಾಗಿರಬೇಕಾದದ್ದೇ. ಬಿಸಿಯೇರಿದಾಗ ಹಿತ್ತಾಳೆ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗಿ ಬೇಕಾದಷ್ಟೇ ಜಾಗ ಬಿಡುತ್ತದೆ. ತಣ್ಣಗಿರುವಾಗಲೇ ಸರಾಗವಾಗಿ ಆಡುವ ಪಿಸ್ಟನ್, ಬಿಸಿಯಾದಾಗ ಕಂಪ್ರೆಶನ್ ಹಿಡಿಯಲಾರದು.

ಇದರಿಂದ ಒಂದು ಮಾತು ಸ್ಪಷ್ಟ. ತಣ್ಣನೆಯ ಎಂಜಿನ್ನನ್ನು ಓಡಿಸಿದಷ್ಟೂ ಆ ಕಚ್ಚಿಕೊಳ್ಳುವ ಜಾಗ ಬೇಗ ಸವೆಯುತ್ತದೆ, ಕನೆಕ್ಟಿಂಗ್ ರಾಡಿಗೆ ಜಗ್ಗಾಟ ಹೆಚ್ಚುತ್ತದೆ. ಗಾಡಿಯನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ಟ್ಯಾಂಕ್‌ಗಟ್ಟಲೆ ಇಂಧನವನ್ನು ಬರೀ ಐಡಲಿಂಗ್‌ನಲ್ಲೇ ಸುಡುವ ಹಳೆಯ ಪದ್ಧತಿಯನ್ನು ನಾನು ಒಪ್ಪದಿರುವುದು ಇದಕ್ಕೇ. ಹಾಗೆ ಮಾಡಿದರೆ ಎಂಜಿನ್ ತಾನು ಕೆಲಸ ಮಾಡಬೇಕಾದ ತಾಪಕ್ಕೆ ಏರುವುದೇ ಇಲ್ಲ. ಮೊದಲು ಹೇರ್ ಡ್ರೈಯರಿನಿಂದ ಎಂಜಿನ್ನಿನ ತಲೆಯನ್ನು ಬೆಚ್ಚಗೆ ಮಾಡಿ, ಸ್ಟಾರ್ಟ್ ಮಾಡಿ, ಬಯಲಿನಲ್ಲಿ ನಿಧಾನವಾಗಿ ಓಡಿಸುವುದು ಒಳ್ಳೆಯದು. ಟ್ರ್ಯಾಕ್ಸಸ್‌ನ ಕ್ರಮದಲ್ಲಿ ಐದು ಟ್ಯಾಂಕ್‌ಗಳ ಲೆಕ್ಕವಿದೆ. ಮೊದಲ ಟ್ಯಾಂಕಿಗೆ ಥ್ರಾಟಲ್ ಕಾಲುಭಾಗ ಮಾತ್ರ, ಎರಡು ಸೆಕೆಂಡು ಎಳೆದು ಮತ್ತೆ ಬಿಡುವುದು, ಬರಬರುತ್ತಾ ಅರ್ಧ, ಕೊನೆಕೊನೆಗೆ ಪೂರ್ತಿ. ನಡುನಡುವೆ ಎಂಜಿನ್ ಆರಿಸಿ ಪೂರಾ ತಣಿಯಲು ಬಿಡಬೇಕು. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ ತಣಿದು ಲೋಹಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೊಸ ಬೈಕನ್ನು ಮೊದಲ ಸರ್ವೀಸಿನವರೆಗೆ ಜೋರಾಗಿ ಹಿಂಡದೆ ಓಡಿಸುತ್ತೇವಲ್ಲ, ಅದೇ ಲೆಕ್ಕ ಇಲ್ಲಿ ಕೆಲವೇ ಟ್ಯಾಂಕ್‌ಗಳಲ್ಲಿ ಮುಗಿಯುತ್ತದೆ.

ತಣಿಯಲು ಬಿಡುವಾಗ ಪಿಸ್ಟನ್ ಮೇಲಿರಬಾರದು. ಕಿರಿದಾದ ಜಾಗದಲ್ಲಿ ನಿಂತರೆ, ಸ್ಲೀವು ಕುಗ್ಗುತ್ತಾ ಪಿಸ್ಟನ್ನನ್ನು ಹಿಡಿದುಕೊಂಡುಬಿಡುತ್ತದೆ. ಪಿಸ್ಟನ್ ಕೆಳತುದಿಗೆ ಬಂದಾಗ ಫ್ಲೈವೀಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ, ಪ್ರತಿ ಸಲವೂ ಕಣ್ಣಳತೆಯಲ್ಲೇ ಸರಿಹೊಂದಿಸಬಹುದು.

ಇಂಧನದಲ್ಲಿ ಇರುವುದು ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ. ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಇಂಧನದ ಜೊತೆ ಬಂದ ಎಣ್ಣೆಯಷ್ಟೇ ಅದಕ್ಕೆ ಗತಿ. ಆದ್ದರಿಂದ ಪಳಗಿಸುವಾಗ ಮಿಶ್ರಣ ರಿಚ್ ಆಗಿರಬೇಕು, ಅಂದರೆ ಗಾಳಿಗಿಂತ ಇಂಧನದ ಕೈ ಮೇಲಿರಬೇಕು. ಹೆಚ್ಚು ಇಂಧನ ಎಂದರೆ ಹೆಚ್ಚು ಎಣ್ಣೆ. ಆವಿಯಾಗುವ ಮೆಥನಾಲ್ ಒಳಗಿನ ಶಾಖವನ್ನೂ ಹೀರುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆಯ ಎಳೆ ಹಿಂದೆ ಹಿಂದೆ ಬರುತ್ತಿದ್ದರೆ ಸರಿ. ಹೊಗೆ ನಿಂತು ಎಂಜಿನ್ ಚೂಪು ದನಿಯಲ್ಲಿ ಕಿರುಚತೊಡಗಿದರೆ ಮಿಶ್ರಣ ಲೀನ್ ಆಗಿದೆ. ಆಗ ಎಣ್ಣೆ ಕಡಿಮೆ, ಶಾಖ ಹೆಚ್ಚು, ಎರಡೂ ಏಟು ಒಟ್ಟಿಗೆ. ಕಾರ್ಬ್ಯುರೇಟರಿನ ಹೈ-ಸ್ಪೀಡ್ ನೀಡಲ್ಲನ್ನು ಬಿಚ್ಚುವ ಕಡೆಗೆ ತಿರುಗಿಸಿದರೆ ರಿಚ್, ಬಿಗಿಯುವ ಕಡೆಗೆ ಲೀನ್. ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ತಿರುಗಿಸಿದ ಮೇಲೆ ಒಂದಷ್ಟು ಓಡಿಸದೆ ತೀರ್ಮಾನಕ್ಕೆ ಬರಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ, ಬೆಂಕಿ ಹೊತ್ತಿಸುವ ಗ್ಲೋ ಪ್ಲಗ್ಗಿನ ಬುಡಕ್ಕೆ ಹಿಡಿದು ನೋಡಿ. ಸುಮಾರು 95ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಸಾಕು. ಮೂರ್ನಾಲ್ಕು ಸೆಕೆಂಡು ಕುದಿದು ಆರಿದರೆ ಹದ, ಚುಂಯ್ ಎಂದು ಕ್ಷಣದಲ್ಲಿ ಹಾರಿಹೋದರೆ ಅತಿ, ಸುಮ್ಮನೆ ಕುಳಿತರೆ ಇನ್ನೂ ತಣ್ಣಗಿದೆ.

ಈ ನೀಡಲ್ಲಿನ ಹದ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿನ ಗಾಳಿ ಅಷ್ಟರಮಟ್ಟಿಗೆ ತೆಳು. ಮಂಗಳೂರಿನ ಕಡಲತಡಿಯಲ್ಲಿ ಹದ ಮಾಡಿದ ಎಂಜಿನ್ ಬೆಂಗಳೂರಿಗೆ ಬಂದರೆ ರಿಚ್ ಆಗಿ ಮುಕ್ಕರಿಸುತ್ತದೆ, ನೀಡಲ್ಲನ್ನು ಒಂದಿಷ್ಟು ಬಿಗಿಯಬೇಕು. ಬೆಂಗಳೂರಿನಲ್ಲಿ ಹದ ಮಾಡಿದ್ದನ್ನು ಕೆಳಗಿಳಿಸುವಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಅಲ್ಲಿ ಅದು ಲೀನ್ ಆಗುತ್ತದೆ, ಲೀನ್ ಆದ ಎಂಜಿನ್ ಬೇಗ ಸಾಯುತ್ತದೆ. ನಮ್ಮ ಬಯಲುಗಳ ನುಣ್ಣನೆಯ ಧೂಳಿನ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಏರ್ ಫಿಲ್ಟರಿನ ಸ್ಪಂಜಿಗೆ ಫಿಲ್ಟರ್ ಆಯಿಲ್ ಸವರಿ, ಎಲ್ಲ ಕಡೆ ಸಮನಾಗಿ ಹಿಂಡಿ ಹಾಕದೆ ಒಂದು ಸುತ್ತೂ ಓಡಿಸಬಾರದು. ಮೆಥನಾಲ್ ವಿಷ, ಅದರ ಉರಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಕೈಗೆ ಕ್ಯಾನ್ ಕೊಡಬೇಡಿ, ಎಂಜಿನ್ ಆರಿಸಿ, ಚೆಲ್ಲದಂತೆ ಇಂಧನ ತುಂಬಿಸಿ.

ಎಲೆಕ್ಟ್ರಿಕ್ ಗಾಡಿಯಲ್ಲಿ ಇಷ್ಟು ಪಾಡಿಲ್ಲ. ನೈಟ್ರೋ ಇಂಧನ ಬೆಂಕಿ ಹಿಡಿಯುವ ಸರಕಾದ್ದರಿಂದ ಅಂಚೆಯಲ್ಲಿ ತರಿಸಲಾಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೊಸಬರು ಬ್ಯಾಟರಿ ಗಾಡಿಯಿಂದಲೇ ಶುರುಮಾಡುವುದು ಜಾಣತನ. ಬ್ರಶ್‌ಲೆಸ್ ಮೋಟರಿಗೆ ಪಳಗಿಸುವ ಕೆಲಸವೇ ಇಲ್ಲ. ಬ್ರಶ್ ಇರುವ ಹೊಸ ಮೋಟರಿನಲ್ಲಿ ಕಾರ್ಬನ್ ತುಂಡಿನ ಮುಖಕ್ಕೆ ದುಂಡನೆಯ ಕಮ್ಯುಟೇಟರಿನ ಆಕಾರ ಪೂರ್ತಿ ಕೂಡಿರುವುದಿಲ್ಲ. ಅಂಚಷ್ಟೇ ತಾಗಿ ಕಿಡಿ ಹಾರುತ್ತದೆ. ಮೋಟರನ್ನು ಗಾಡಿಯಿಂದ ಬಿಚ್ಚಿ, ಎರಡು ದೊಡ್ಡ ಟಾರ್ಚ್ ಸೆಲ್ ಸೇರಿಸಿದ 3 ವೋಲ್ಟಿನಲ್ಲಿ ಭಾರವಿಲ್ಲದೆ ಕೆಲವು ನಿಮಿಷ ತಿರುಗಿಸಿದರೆ ಕಾರ್ಬನ್ ಸವೆದು ಹೊಂದಿಕೊಳ್ಳುತ್ತದೆ. ಲೀಪೋ ಬ್ಯಾಟರಿಯ ಪ್ರತಿ ಸೆಲ್ಲು ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗಿಳಿದರೆ ಹಾಳು. ಆದ್ದರಿಂದ ಸ್ಪೀಡ್ ಕಂಟ್ರೋಲರಿನಲ್ಲಿ ಲೀಪೋ ಕಟ್‌ಆಫ್ ಆನ್ ಆಗಿದೆಯೇ ಎಂದು ಮೊದಲ ಓಟಕ್ಕೂ ಮುಂಚೆ ನೋಡಲೇಬೇಕು. ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟಿನಷ್ಟು ಇರಲಿ.

ಎರಡೂ ಬಗೆಯ ಗಾಡಿಗೂ ಒಂದು ಕೆಲಸ ಸಮಾನ. ಮೊದಲ ಓಟದ ಮುಂಚೆಯೂ, ಆ ಓಟ ಮುಗಿದ ಕೂಡಲೂ ಎಲ್ಲ ಸ್ಕ್ರೂ ಮುಟ್ಟಿ ನೋಡುವುದು. ಲೋಹಕ್ಕೆ ಲೋಹ ಕೂಡುವ ಕಡೆ ನೀಲಿ ಥ್ರೆಡ್‌ಲಾಕ್ ಒಂದು ಹನಿ ಹಾಕಬೇಕು. ಪ್ಲಾಸ್ಟಿಕ್ಕಿಗೆ ಹಾಕಬಾರದು, ಅದು ಬಿರುಕು ಬಿಡಬಹುದು. ಮೋಟರಿನ ಪಿನಿಯನ್ ಮತ್ತು ಸ್ಪರ್ ಗೇರಿನ ಹಲ್ಲುಗಳ ನಡುವೆ ಕಾಗದದ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿದು, ಆಮೇಲೆ ಕಾಗದ ಎಳೆದು ತೆಗೆದರೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಪಟ್ಟಿ ಹರಿದುಬಂದರೆ ಬಿಗಿ ಹೆಚ್ಚಾಯಿತು. ಮಡಿಕೆ ಮಡಿಕೆಯಾಗಿ ಇಡಿಯಾಗಿ ಬಂದರೆ ಸರಿ.

ಇನ್ನು ಬಲಪಡಿಸುವ ಮಾತು. ಐದು ಕೆ.ಜಿ. ತೂಗುವ ಗಾಡಿ ಎರಡು ಮೀಟರ್ ಎತ್ತರದಿಂದ ನೆಲಕ್ಕೆ ಬೀಳುತ್ತದೆ ಎನ್ನಿ. ಸಸ್ಪೆನ್ಶನ್ ಐದು ಸೆಂಟಿಮೀಟರ್ ಕುಗ್ಗಿ ಆ ಪೆಟ್ಟನ್ನು ತಡೆದರೆ, ತಡೆಯುವ ಸರಾಸರಿ ಬಲ ಗಾಡಿಯ ತೂಕದ ನಲವತ್ತು ಪಟ್ಟಿಗಿಂತ ಹೆಚ್ಚು, ಅಂದರೆ 200 ಕೆ.ಜಿ. ಭಾರದಷ್ಟು. ನಾಲ್ಕು ಚಕ್ರ ಹಂಚಿಕೊಂಡರೆ ಒಂದಕ್ಕೆ 50 ಕೆ.ಜಿ. ಒಂದೇ ಚಕ್ರ ಮೊದಲು ತಾಗಿದರೆ? ಆ ಬಲವೆಲ್ಲ ಒಂದೇ ಆರ್ಮಿನಲ್ಲಿ ಹಾದುಹೋಗಬೇಕು. ಕಂಪನಿ ಕೊಟ್ಟ ಪ್ಲಾಸ್ಟಿಕ್ ಆರ್ಮು ಆಗ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಮುರಿದರೆ ಹೋಗುವುದು ಒಂದು ಅಗ್ಗದ ತುಂಡು. ಅದರ ಜಾಗದಲ್ಲಿ ಥಳಥಳಿಸುವ ಅಲ್ಯೂಮಿನಿಯಂ ಆರ್ಮು ಹಾಕಿದರೆ ಅದು ಮುರಿಯದೆ ಇರಬಹುದು. ಆದರೆ ಪೆಟ್ಟು ಅಲ್ಲಿ ಕರಗಲಿಲ್ಲ, ಮುಂದಕ್ಕೆ ಹೋಯಿತು: ಆರ್ಮನ್ನು ಹಿಡಿದ ಬಲ್ಕ್‌ಹೆಡ್‌ಗೆ, ಅಲ್ಲಿಂದ ಡಿಫರೆನ್ಶಿಯಲ್ಲಿನ ಗೂಡಿಗೆ. ಅವು ದುಬಾರಿ, ಬದಲಿಸಲು ಅರ್ಧ ಗಾಡಿಯನ್ನೇ ಬಿಚ್ಚಬೇಕು. ಮೇಲಾಗಿ ಬಾಗಿದ ಅಲ್ಯೂಮಿನಿಯಂ ಬಾಗಿಯೇ ಇರುತ್ತದೆ. ಕ್ಯಾಲಿಫೋರ್ನಿಯಾದ ಆರ್‌ಪಿಎಂ ಕಂಪನಿ ಮಾಡುವಂಥ ಬಳುಕುವ ನೈಲಾನ್ ಆರ್ಮುಗಳಿಗೆ ಬಯಲಿನಲ್ಲಿ ಹೆಸರು ಬಂದಿರುವುದು, ಅವು ಬಾಗಿ ಮತ್ತೆ ನೆಟ್ಟಗಾಗುತ್ತವೆ ಎಂಬುದಕ್ಕೆ. ಒಂದು ಭಾಗವನ್ನು ಗಟ್ಟಿ ಮಾಡುವ ಮುನ್ನ, ಪೆಟ್ಟು ಅದರಾಚೆ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲು ಬರಬೇಕು. ಬರದಿದ್ದರೆ ಆ ಭಾಗವನ್ನು ಕೊಳ್ಳಬೇಡಿ.

ಹಾಗಾದರೆ ಮೊದಲು ಏನು? ನನ್ನನ್ನು ಕೇಳಿದರೆ ಬಾಲ್ ಬೇರಿಂಗು. ಅಗ್ಗದ ಗಾಡಿಗಳಲ್ಲಿ ಚಕ್ರದ ಆಕ್ಸಲ್ ತಿರುಗುವುದು ಪ್ಲಾಸ್ಟಿಕ್ ಅಥವಾ ಕಂಚಿನ ಬುಷ್‌ಗಳಲ್ಲಿ. ಧೂಳು ಹೊಕ್ಕು ಬುಷ್ ಸವೆದು ಚಕ್ರ ಅಲ್ಲಾಡುತ್ತದೆ, ಗೇರು ಓರೆಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ರಬ್ಬರ್ ಸೀಲಿನ ಬೇರಿಂಗು ಹಾಕಿದರೆ ಇವೆಲ್ಲ ಒಟ್ಟಿಗೆ ಕಡಿಮೆಯಾಗುತ್ತವೆ, ಯಾವ ಪೆಟ್ಟೂ ಬೇರೆ ಕಡೆಗೆ ವರ್ಗವಾಗುವುದಿಲ್ಲ. ಎರಡನೆಯದು ಸ್ಟೀರಿಂಗ್ ಸರ್ವೋ, ಅಂದರೆ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಪುಟ್ಟ ಮೋಟರು. ದೊಡ್ಡ ಚಕ್ರ ಕಲ್ಲಿಗೆ ತಾಗಿದಾಗ ಸರ್ವೋದ ಹಲ್ಲುಗಳ ಮೇಲೆ ಬೀಳುವ ತಿರುಚು ಬಹಳ. ಮೊದಲು ಹೇಳಿದ ಕ್ಲಾಡ್ ಬಸ್ಟರಿನಲ್ಲಿ ಸರ್ವೋ ಚಾಸಿಯ ನಡುವೆ ಇತ್ತು. ಉದ್ದನೆಯ ಕಡ್ಡಿಗಳಲ್ಲಿ ಅದರ ಎಳೆತ ಸಡಿಲವಾಗಿ ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ. ಹವ್ಯಾಸಿಗಳು ಸರ್ವೋವನ್ನೇ ಆಕ್ಸಲ್ ಮೇಲೆ ಕೂರಿಸಿದರು. ಭಾಗವೊಂದನ್ನು ದೊಡ್ಡದು ಮಾಡುವ ಬದಲು ಇರುವ ಜಾಗವನ್ನು ಬದಲಿಸಿದ ಈ ಉಪಾಯ ನನಗೆ ಬಹಳ ಹಿಡಿಸುತ್ತದೆ. ಹೊಸ ಸರ್ವೋ ಎಷ್ಟೇ ಬಲದ್ದಾಗಿರಲಿ, ಸರ್ವೋ ಸೇವರಿನ ಸ್ಪ್ರಿಂಗನ್ನು ತೆಗೆಯಬೇಡಿ. ಪೆಟ್ಟು ತಿನ್ನುವುದು ಅದೇ.

ವೇಗದ ಆಸೆಗೆ ಲೆಕ್ಕ ಬೇಕು. 3,500 ಕೆವಿ (ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3,500 ಸುತ್ತು ತಿರುಗುವ) ಮೋಟರಿಗೆ ಮೂರು ಸೆಲ್ಲಿನ 11.1 ವೋಲ್ಟ್ ಕೊಟ್ಟರೆ ಭಾರವಿಲ್ಲದಾಗ ನಿಮಿಷಕ್ಕೆ 38,850 ಸುತ್ತು. ಒಟ್ಟು ಗೇರು 15ಕ್ಕೆ 1 ಇದ್ದು, ಚಕ್ರ 15 ಸೆಂ.ಮೀ. ಅಡ್ಡಳತೆಯದಾದರೆ ಕಾಗದದ ಮೇಲೆ ಗಂಟೆಗೆ 73 ಕಿ.ಮೀ. ಬರುತ್ತದೆ. ಅದೇ ಗಾಡಿಗೆ 13 ಸೆಂ.ಮೀ. ಚಕ್ರವಿದ್ದು ಅದನ್ನು 15ಕ್ಕೆ ಏರಿಸಿದಿರಿ ಎಂದರೆ, ಗೇರು ಮುಟ್ಟದೆಯೇ ಮೋಟರಿನ ಮೇಲಿನ ಹೊರೆ ಶೇ 15ರಷ್ಟು ಹೆಚ್ಚಿತು, ಚಕ್ರದ ತೂಕ ಬೇರೆ. ಚಕ್ರ ದೊಡ್ಡದಾದಾಗ ಪಿನಿಯನ್ನಿನ ಹಲ್ಲು ಕಡಿಮೆಯಾಗಬೇಕು. ಇದನ್ನು ಮರೆತ ಗಾಡಿಗಳ ಮೋಟರು ಕೈಯಿಟ್ಟರೆ ಸುಡುತ್ತದೆ, ಡ್ರೈವ್‌ಶಾಫ್ಟ್ ತಿರುಚಿಕೊಳ್ಳುತ್ತದೆ. ಡ್ರೈವ್‌ಶಾಫ್ಟ್ ಉಕ್ಕಿನದಾದರೆ ಸರದಿ ಡಿಫರೆನ್ಶಿಯಲ್ ಗೇರುಗಳದ್ದು.

ಹೊಸ ಭಾಗ ಹಾಕಿದ ಗಾಡಿ ಆ ಮಟ್ಟಿಗೆ ಮತ್ತೆ ಹೊಸ ಗಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಕೆಟ್ಟಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಡಿಫರೆನ್ಶಿಯಲ್ಲಿಗೆ ಉಕ್ಕಿನ ಹೊಸ ಗೇರು ಹಾಕಿದ್ದರೆ ಮೊದಲ ಕೆಲವು ಬ್ಯಾಟರಿಗಳನ್ನು ಅರ್ಧ ಥ್ರಾಟಲಿನಲ್ಲೇ ಓಡಿಸಿ. ಆಮೇಲೆ ಗೂಡು ಬಿಚ್ಚಿ ಗ್ರೀಸನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಸಣ್ಣ ಮಿನುಗು ಕಂಡರೆ ಹಲ್ಲುಗಳು ಕೂಡಿಕೊಂಡ ಗುರುತು, ಒರೆಸಿ ಹೊಸ ಗ್ರೀಸ್ ತುಂಬಿ ಮುಚ್ಚಬಹುದು. ಕಣ್ಣಿಗೆ ಕಾಣುವ ಚೂರುಗಳೇ ಬಂದರೆ ಗೇರುಗಳ ನಡುವಿನ ಸಂದು ತಪ್ಪಿದೆ. ಶಿಮ್ ವಾಷರ್ ಸೇರಿಸಿಯೋ ತೆಗೆದೋ ಸರಿಮಾಡಿದ ಮೇಲೆಯೇ ಗಾಡಿ ಮತ್ತೆ ಬಯಲಿಗೆ ಇಳಿಯಲಿ.