ಬ್ಯಾರನ್ ಗೋಡೆಗೊಂದು ಇ-ಕಾಗದದ ಕಂಪ್ಯೂಟರ್

ಹೊಗೆಸೊಪ್ಪಿನ ಬೆಲೆ ಹರಾಜಿನಲ್ಲಿ ಗೊತ್ತಾಗುತ್ತೆ ನಿಜ, ಆದರೆ ಅರ್ಧ ಅದಕ್ಕೂ ಮೊದಲೇ ಬ್ಯಾರನ್ ಒಳಗೆ ತೀರ್ಮಾನವಾಗಿರುತ್ತದೆ. ಎಲೆ ಹಳದಿಯಾಗುವ ತನಕ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್. ಆಮೇಲೆ ನಿಧಾನಕ್ಕೆ ಏರಿಸುತ್ತ ನರ ಒಣಗುವ ಹೊತ್ತಿಗೆ 160. ಎಲೆ ಹಸಿಯಿರುವಾಗಲೇ ಶಾಖ ಏರಿತೋ, ಬೆಂದು ಕಪ್ಪಾಯಿತು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಐದಾರು ದಿನ, ರಾತ್ರಿಯೆಲ್ಲ ಟಾರ್ಚು ಹಿಡಿದು ಕಿಟಕಿ ಗಾಜಿನಲ್ಲಿ ಥರ್ಮಾಮೀಟರ್ ಇಣುಕುವ ಕೆಲಸ ಯಾರಿಗೆ ಬೇಕು?

ಅದಕ್ಕೆಂದೇ ನಾನು ಒಂದು ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡಿದ್ದೇನೆ. ಮಿದುಳು ಇಎಸ್‌ಪಿ-32 ಎಂಬ ಬೋರ್ಡು. ಪರದೆ 2.9 ಇಂಚಿನ ಇ-ಕಾಗದ. ಶಾಖ ಅಳೆಯಲು ಡಿಎಸ್18ಬಿ20 ಎಂಬ ಸ್ಟೀಲ್ ಕಡ್ಡಿ. 125 ಡಿಗ್ರಿ ಸೆಲ್ಸಿಯಸ್ ತನಕ ಅಳೆಯುತ್ತದೆ, ನಮಗೆ ಬೇಕಿರುವುದು 71. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿದಿದೆ.

ಇ-ಕಾಗದ ಅಂದರೇನು? ಕೂದಲೆಳೆ ಗಾತ್ರದ ಗುಳಿಗೆಗಳು, ಒಳಗೆ ಎಣ್ಣೆಯಂಥ ದ್ರವ. ಅದರಲ್ಲಿ ಬಿಳಿ ಕಣ, ಕಪ್ಪು ಕಣ. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ. ಹಿಂದಿನಿಂದ ಕರೆಂಟು ಕೊಟ್ಟಾಗ ಒಂದು ಮೇಲೇಳುತ್ತದೆ, ಮತ್ತೊಂದು ತಳ ಸೇರುತ್ತದೆ. ಕರೆಂಟು ತೆಗೆದರೂ ಇದ್ದಲ್ಲೇ ಇರುತ್ತವೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ವಿದ್ಯೆಯಿಂದ 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯಿತು. ಬಿಸಿಲಲ್ಲಿ ಅಚ್ಚಾದ ಕಾಗದದಂತೆ ಕಾಣುತ್ತದೆ. ಕತ್ತಲಲ್ಲಿ ಮಾತ್ರ ಏನೂ ಕಾಣದು, ಒಂದು ಸಣ್ಣ ದೀಪ ಬೇಕೇ ಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಅಳಿಸದೆ ಉಳಿಯುವ ಈ ಗುಣವೇ ಬ್ಯಾರನ್ನಿನಲ್ಲಿ ಅಪಾಯ. ಬ್ಯಾಟರಿ ಸತ್ತರೂ ಪರದೆಯಲ್ಲಿ 98 ಅಂತ ನಿಂತಿರುತ್ತದೆ. ಒಲೆ ಮುಂದಿರುವವರು ‘ಶಾಖ ಸರಿ ಇದೆ’ ಅಂತ ಸೌದೆ ಒಟ್ಟುತ್ತಲೇ ಇರುತ್ತಾರೆ. ಹಾಗಾಗಿ ಅಂಕಿಯ ಪಕ್ಕದಲ್ಲೇ ಅಳತೆ ತೆಗೆದ ಗಂಟೆ-ನಿಮಿಷ ದಪ್ಪಕ್ಕೆ ಬರಬೇಕು. ಇದಕ್ಕೆ ಡಿಎಸ್3231 ಎಂಬ ಗಡಿಯಾರದ ಬಿಲ್ಲೆ ಹಾಕಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೋಡುವುದು ಗಂಟೆ, ಆಮೇಲೆ ಶಾಖ. ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ಜೋಡಣೆ ಕಷ್ಟವಲ್ಲ. ಪರದೆಯಿಂದ ಬೋರ್ಡಿಗೆ ಎಂಟು ತಂತಿ. ಕಡ್ಡಿಗೆ ಮೂರು, ಅದರ ಡೇಟಾ ತಂತಿಗೂ 3.3 ವೋಲ್ಟ್ ತಂತಿಗೂ ನಡುವೆ 4.7 ಕಿಲೋ ಓಮ್‌ನ ರೆಸಿಸ್ಟರ್. ಪ್ರತಿ ಕಡ್ಡಿಗೂ ಕಾರ್ಖಾನೆಯಲ್ಲೇ ಬೇರೆ ನಂಬರು ಇರುವುದರಿಂದ ಎರಡು ಕಡ್ಡಿಯನ್ನು ಒಂದೇ ತಂತಿಗೆ ಸೇರಿಸಬಹುದು. ಎರಡನೆಯದಕ್ಕೆ ಹತ್ತಿ ಬತ್ತಿ ಸುತ್ತಿ, ಬತ್ತಿಯ ತುದಿ ನೀರಿನ ಡಬ್ಬಿಗೆ ಬಿಟ್ಟರೆ ಒದ್ದೆ ಥರ್ಮಾಮೀಟರ್ ಆಯಿತು. ಕಡ್ಡಿ ಹೇಳುವುದು ಸೆಲ್ಸಿಯಸ್, ನಮಗೆ ಒಗ್ಗಿರುವುದು ಫ್ಯಾರನ್‌ಹೀಟ್. 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸುವ ಒಂದು ಸಾಲು ಪ್ರೋಗ್ರಾಮಿನಲ್ಲಿದೆ.

ಕನ್ನಡ ಅಕ್ಷರ ಸ್ವಲ್ಪ ಸತಾಯಿಸುತ್ತದೆ. ಒತ್ತಕ್ಷರ ಕೂಡಿಸುವುದು ಈ ಬೋರ್ಡಿನ ಸಿದ್ಧ ಪ್ರೋಗ್ರಾಮುಗಳಿಗೆ ಬಾರದು. ‘ಒಣ’, ‘ಒದ್ದೆ’ ಎಂಬ ಪದಗಳನ್ನು ಚಿತ್ರವಾಗಿ ಮಾಡಿ ತುಂಬಿಸಿದ್ದೇನೆ. ಎರಡೇ ಪದ ಸಾಕಲ್ಲ! 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಹಳ್ಳಿಯವರಿಗೆಂದು ಸಿಂಪ್ಯೂಟರ್ ರೂಪಿಸಿದ್ದರು. ಅದು ಹತ್ತಾರು ಕೆಲಸ ಮಾಡುವ ಕೈ ಕಂಪ್ಯೂಟರ್, ಆದರೆ ಹಳ್ಳಿಯಲ್ಲಿ ಬೇರೂರಲಿಲ್ಲ. ನನ್ನದಕ್ಕೆ ಒಂದೇ ಕೆಲಸ.

ಹತ್ತು ನಿಮಿಷಕ್ಕೊಮ್ಮೆ ಎದ್ದು, ಅಳೆದು, ಬರೆದು ಮತ್ತೆ ಮಲಗುವಂತೆ ಮಾಡಿರುವುದರಿಂದ ಬ್ಯಾಟರಿ ಬಾಳುತ್ತದೆ. ಬೋರ್ಡಿನ ಮೇಲೆ ಸದಾ ಉರಿಯುವ ಕೆಂಪು ದೀಪ ಕಿತ್ತುಹಾಕಿ, ಅದು ಸುಮ್ಮನೆ ತಿನ್ನುತ್ತೆ. ಈ ಪರದೆ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಡೆದೀತು, ಲಿಥಿಯಂ ಬ್ಯಾಟರಿಗೂ ಬಿಸಿ ಆಗದು. ಇವೆರಡೂ ಒಲೆಯ ಬಾಯಿಂದ ದೂರ, ಹೊರಗೋಡೆಯ ನೆರಳಿನಲ್ಲಿರಲಿ. ಒಳಗೆ ಹೋಗುವುದು ಕಡ್ಡಿ ಮತ್ತು ತಂತಿ ಮಾತ್ರ. ಅದಕ್ಕೆ ಮಾಮೂಲಿ ಪಿವಿಸಿ ತಂತಿ ಬೇಡ, 160ರ ಶಾಖಕ್ಕೆ ಮೆತ್ತಗಾಗುತ್ತದೆ. ಸಿಲಿಕೋನ್ ಹೊದಿಕೆಯದನ್ನೇ ಕೇಳಿ ತನ್ನಿ.