ಹಳದಿ ಹಾಳೆಯ ವಿಳಾಸಗಳು

ಶಿವಮೊಗ್ಗೆಯ ಗಾಂಧಿ ಬಜಾರಿನ ಬಳಿಯ ರದ್ದಿ ಅಂಗಡಿಯೊಂದರಲ್ಲಿ, ಹಳೆಯ ಪಂಚಾಂಗಗಳ ಕಟ್ಟಿನಡಿಯಿಂದ, ಹೊದಿಕೆ ಕಳೆದುಕೊಂಡ 1930ರ ದಶಕದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆಯ ಸಂಚಿಕೆಯೊಂದು ಕಳೆದ ತಿಂಗಳು ನನ್ನ ಕೈಸೇರಿದಂದಿನಿಂದ ನಾನು ಬೇರೊಂದನ್ನು ನೆಮ್ಮದಿಯಾಗಿ ಓದಿದ್ದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದುವು ಅದರ ಕಥೆಗಳಲ್ಲ, ಕಡೆಯ ಪುಟಗಳ ಓದುಗರ ಓಲೆಗಳು. ಒಂದೊಂದರ ಕೆಳಗೂ ಬರೆದವನ ಹೆಸರು, ಬೀದಿ, ಮನೆಯ ಸಂಖ್ಯೆ, ಊರು, ಹೀಗೆ ಅಂಚೆಯವನಿಗೆ ಬೇಕಾದುದೆಲ್ಲವೂ ಅಚ್ಚಾಗಿತ್ತು.

ವೈಜ್ಞಾನಿಕ ಕಥೆಗಳ ಅಭಿಮಾನಿ ಸಂಘಗಳೆಲ್ಲದರ ಮೂಲ ಈ ವಿಳಾಸಗಳಲ್ಲಿಯೇ ಇದೆಯೆಂಬುದು ನನ್ನ ದೃಢವಾದ ನಂಬಿಕೆ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ಆ ಪತ್ರಿಕೆಯ ಓದುಗರು ಸಂಪಾದಕನನ್ನು ಬಿಟ್ಟು ತಮ್ಮತಮ್ಮೊಳಗೇ ಪತ್ರವ್ಯವಹಾರಕ್ಕೆ ತೊಡಗಿದರು. 1930ರಲ್ಲಿ ಅವರ ಸಂಘವೊಂದು ‘ದಿ ಕಾಮೆಟ್’ ಎಂಬ ಪತ್ರಿಕೆಯನ್ನು ತಾನೇ ಹೊರಡಿಸಿತು. 1937ರ ಜನವರಿ 3ರಂದು ಇಂಗ್ಲೆಂಡಿನ ಲೀಡ್ಸ್ ನಗರದ ಥಿಯಾಸಫಿಕಲ್ ಸಭಾಂಗಣದಲ್ಲಿ ಸೇರಿದ ಇಂಥ ಅಭಿಮಾನಿಗಳ ನಡುವೆ, ಮುಂದೆ ವೈಜ್ಞಾನಿಕ ಕಥೆಗಾರನಾಗಿ ಜಗತ್ಪ್ರಸಿದ್ಧನಾಗಲಿದ್ದ ಹತ್ತೊಂಬತ್ತರ ತರುಣ ಆರ್ಥರ್ ಕ್ಲಾರ್ಕನೂ ಇದ್ದನು. 1939ರಲ್ಲಿ ನ್ಯೂಯಾರ್ಕಿನಲ್ಲಿ ಈ ಅಭಿಮಾನಿಗಳ ಪ್ರಥಮ ವಿಶ್ವ ಸಮ್ಮೇಳನ ಜರುಗಿತು.

ಆದರೆ ನನ್ನ ಮನಸ್ಸು ಇತಿಹಾಸದಿಂದ ಕಾಗದದ ಕಡೆಗೇ ಜಾರುತ್ತದೆ. ಮುಟ್ಟಿದರೆ ಹಪ್ಪಳದಂತೆ ಮುರಿಯುವ ಆ ಸಂಚಿಕೆಯ ಹಾಳೆಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರಾವತಿಗೆ ಹೋಗಿ, 1936ರಲ್ಲಿ ಸ್ಥಾಪನೆಗೊಂಡು ಈಗ ಯಂತ್ರಗಳು ಮೌನವಾಗಿರುವ ಮೈಸೂರು ಕಾಗದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮುಂದಿರಿಸಿದೆನು. ಅವರು ಓದಲಿಲ್ಲ, ಬೆರಳ ತುದಿಯಿಂದ ಅಂಚನ್ನು ಸವರಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, “ಇದು ಬೇಯಿಸಿದ ಪಲ್ಪಲ್ಲ ಸ್ವಾಮಿ, ಅರೆದದ್ದು” ಎಂದರು. ಬಿದಿರನ್ನು ರಾಸಾಯನಿಕಗಳಲ್ಲಿ ಬೇಯಿಸಿದರೆ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಬಹುಪಾಲು ಕರಗಿ ಹೋಗುವುದೆಂದೂ, ಮರವನ್ನು ಸುಮ್ಮನೆ ಅರೆದರೆ ಅದು ಹಾಳೆಯಲ್ಲಿಯೇ ಉಳಿದು ಬೆಳಕಿಗೂ ಗಾಳಿಗೂ ಹಳದಿಯಾಗುವುದೆಂದೂ, ಆಮ್ಲವು ನಾರನ್ನು ವರ್ಷವರ್ಷಕ್ಕೂ ತುಂಡರಿಸುವುದೆಂದೂ ಅವರು ವಿವರಿಸುತ್ತಿರಲು ಸಂಜೆಯಾದುದೇ ತಿಳಿಯಲಿಲ್ಲ. ಮರವನ್ನು ಅರೆದು ಮಾಡಿದ ಈ ಅಗ್ಗದ ಪಲ್ಪಿನಿಂದಲೇ ಆ ಪತ್ರಿಕೆಗಳಿಗೆ ‘ಪಲ್ಪ್’ ಎಂಬ ಹೆಸರು ಬಂದುದು. ಅಗ್ಗವಾಗಿದ್ದುದರಿಂದಲೇ ಅವು ಕೂಲಿಕಾರನ ಮಗನ ಕೈಗೂ ಎಟುಕಿದುವು. ಶತಮಾನಗಳಾಚೆಯ ಕನಸುಗಳನ್ನು ನೂರು ವರ್ಷವೂ ಬಾಳಲಾರದ ಕಾಗದದ ಮೇಲೆ ಮುದ್ರಿಸಿದರಲ್ಲಾ ಎಂದು ನಾನು ಮರುಗಿದಾಗ, ಅವರು ಹಾಳೆಯನ್ನು ಮೆಲ್ಲನೆ ಬಟ್ಟೆಯೊಳಗಿಟ್ಟು ನನ್ನ ಕೈಗಿತ್ತರು.

ನಮ್ಮಲ್ಲಿಯೂ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಬಡತನವಿಲ್ಲ. ಕನ್ನಡದ ರಾಜಶೇಖರ ಭೂಸನೂರಮಠರ ಕಥೆಯೊಂದು, ಬಾಳ ಫೋಂಡಕೆಯವರು ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಸ್ಥಾನ ಪಡೆದಿದೆ. 1998ರಲ್ಲಿ ವೆಲ್ಲೂರಿನಲ್ಲಿ ಈ ಸಾಹಿತ್ಯದ ಅಧ್ಯಯನಕ್ಕೆಂದೇ ಅಖಿಲ ಭಾರತ ಮಟ್ಟದ ಸಂಘವೂ ಹುಟ್ಟಿತು. ಕನ್ನಡಿಗನು ಇಂಥ ಕಥೆಗಳನ್ನು ಓದನೆಂಬ ಮಾತನ್ನು ನಾನೆಂದೂ ಒಪ್ಪಿಲ್ಲ. ಓದುವವನಿದ್ದಾನೆ, ಪಕ್ಕದ ಬೀದಿಯಲ್ಲಿ ಅದನ್ನೇ ಓದುತ್ತಿರುವ ಮತ್ತೊಬ್ಬನ ವಿಳಾಸ ಮಾತ್ರ ಅವನಿಗೆ ದೊರೆತಿಲ್ಲ. 1930ರಿಂದ ಕರ್ನಾಟಕ ಸಂಘವನ್ನು ಪೋಷಿಸಿಕೊಂಡು ಬಂದಿರುವ ಶಿವಮೊಗ್ಗೆಗೆ ಹತ್ತು ಜನರನ್ನು ಒಂದೆಡೆ ಕೂಡಿಸುವುದು ಹೊಸ ವಿದ್ಯೆಯಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಅಟ್ಟದ ಮೇಲೆ ಇಂಥ ಕಥೆಗಳಿರುವ ಹಳೆಯ ಸಂಚಿಕೆಗಳಿದ್ದರೆ ರದ್ದಿಗೆ ಹಾಕಬೇಡಿರಿ, ಮೊದಲ ಪುಟದಲ್ಲಿ ನಿಮ್ಮ ಹೆಸರು, ಬೀದಿ, ಊರು ಬರೆದು, ಓದಬಲ್ಲ ಮತ್ತೊಬ್ಬರ ಕೈಗೆ ದಾಟಿಸಿರಿ.