ನಾಯಿ ಕಚ್ಚಿದರೆ ಮೊದಲು ಸಾಬೂನು, ಅಂದೇ ಆಸ್ಪತ್ರೆ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. ಅದರ ನೆರೆಯ ಮುಧೋಳ ಬೇಟೆನಾಯಿಗಳಿಗೆ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆಯು ಮುಧೋಳ ನಾಯಿಯ ಅಂಚೆಚೀಟಿಯನ್ನೇ ಹೊರತಂದಿತು. ಅಲ್ಲಿ ಹೊಲ ಕಾಯುವ ನಾಯಿ, ಇಲ್ಲಿ ಕರಾವಳಿಯಲ್ಲಿ ಅಂಗಳ ಕಾಯುತ್ತದೆ. ನಾಯಿಯೊಡನೆ ಇಷ್ಟು ಹತ್ತಿರ ಬಾಳುವ ನಾವೆಲ್ಲರೂ ರೇಬೀಸ್ ರೋಗದ ಬಗ್ಗೆ ತಿಳಿದಿರುವುದು ಅಗತ್ಯ.

2024ರಲ್ಲಿ ಕರ್ನಾಟಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ನಾಯಿಕಡಿತಗಳು ದಾಖಲಾದವು. ರೇಬೀಸಿನಿಂದ 42 ಮಂದಿ ಮೃತಪಟ್ಟರು. ಲಸಿಕೆ ಇರುವ ರೋಗಕ್ಕೆ ಹೀಗೆ ಜೀವ ಹೋಗುವುದು ವಿಷಾದದ ಸಂಗತಿ.

ರೋಗ ಬರುವ ಬಗೆ

ರೇಬೀಸ್ ವೈರಾಣು ಸೋಂಕಿತ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಡಿತ, ಪರಚಿದ ಗಾಯ ಅಥವಾ ಗಾಯದ ಮೇಲೆ ನೆಕ್ಕುವುದರಿಂದ ದೇಹವನ್ನು ಸೇರಿ, ನರಗಳ ಮೂಲಕ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ಲಕ್ಷಣಗಳು ಕಾಣಿಸುತ್ತವೆ; ಮುಖ, ತಲೆಗೆ ಕಚ್ಚಿದ್ದರೆ ಇನ್ನೂ ಬೇಗ. ನೀರು ಕಂಡರೆ ಭಯ, ಗಾಳಿ ಸೋಕಿದರೆ ನಡುಕ ಶುರುವಾದ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗಿನ ಅವಧಿಯೇ ನಮಗಿರುವ ಏಕೈಕ ಅವಕಾಶ.

ನಾಯಿ ಮಾತ್ರವಲ್ಲ, ಬೆಕ್ಕು, ನರಿ, ಮುಂಗುಸಿಗಳಿಂದಲೂ ರೋಗ ಬರಬಹುದು. ಹುಚ್ಚುನಾಯಿ ಕಚ್ಚಿದ ದನ, ಎಮ್ಮೆಗಳು ಮೇವು ಬಿಟ್ಟು ಜೊಲ್ಲು ಸುರಿಸುವಾಗ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ಅಪಾಯಕಾರಿ.

ಕಚ್ಚಿದ ಕೂಡಲೇ ಮಾಡಬೇಕಾದುದು

1. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಇದು ವೈರಾಣುವನ್ನು ಬಹುಮಟ್ಟಿಗೆ ನಾಶಮಾಡುತ್ತದೆ.

2. ಸುಣ್ಣ, ಅರಶಿನ, ಮೆಣಸಿನ ಪುಡಿ, ಕಾಫಿಪುಡಿ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.

3. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಾರದ ಸಣ್ಣ ಪರಚು ಗಾಯಕ್ಕೂ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತ ಚುಚ್ಚುತ್ತಾರೆ. ಲಸಿಕೆ ಕೆಲಸ ಆರಂಭಿಸುವವರೆಗೆ ಇದೇ ರಕ್ಷಣೆ. ಇದನ್ನು ಕೇಳಿ ಪಡೆಯಿರಿ.

4. ಲಸಿಕೆಯನ್ನು ಪೂರ್ಣಗೊಳಿಸಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ಗರ್ಭಿಣಿಯರೂ ಹಸುಳೆಗಳೂ ಪಡೆಯಬಹುದು. ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ಎರಡು ಚುಚ್ಚುಮದ್ದು ಸಾಕು.

ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತವು 2004ರಲ್ಲೇ ಕೈಬಿಟ್ಟಿದೆ. ಇಂದು ತೋಳಿಗೆ ಕೊಡುತ್ತಾರೆ.

ನಾಯಿ ಹತ್ತು ದಿನ ಬದುಕುತ್ತದೋ ನೋಡೋಣ ಎಂದು ಕಾಯುವವರೂ ಇದ್ದಾರೆ. ನಾಯಿಯನ್ನು ಗಮನಿಸುವುದು ಸರಿ. ಆದರೆ ಚಿಕಿತ್ಸೆಯನ್ನು ಮೊದಲ ದಿನವೇ ಆರಂಭಿಸಿ. ಮಂತ್ರ, ತಾಯಿತ, ನಾಟಿ ಮದ್ದುಗಳಿಗೆ ಅಲೆದು ಕಳೆಯುವ ದಿನಗಳೇ ಜೀವಕ್ಕೆ ಎರವಾಗುತ್ತವೆ.

ನಮ್ಮ ಹೊಣೆ

ಜಗತ್ತಿನಲ್ಲಿ ಸಂಶಯಾಸ್ಪದ ಪ್ರಾಣಿಗಳ ಕಡಿತಕ್ಕೊಳಗಾಗುವವರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಬೈಗುಳಕ್ಕೆ ಹೆದರಿ ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. "ನಾಯಿ ಕಚ್ಚಿದರೆ ನಮಗೆ ಹೇಳು, ಬೈಯುವುದಿಲ್ಲ" ಎಂಬ ಮಾತನ್ನು ಪ್ರತಿ ಮನೆಯಲ್ಲೂ, ಧರ್ಮೋಪದೇಶದ ತರಗತಿಯಲ್ಲೂ ಮಕ್ಕಳಿಗೆ ಹೇಳೋಣ. ಸಾಕುನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸೋಣ. ನೆರೆಯ ಗೋವಾದಲ್ಲಿ ವರ್ಷವರ್ಷವೂ ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕಿದ್ದರಿಂದ ರೇಬೀಸ್ ಹಿಡಿತಕ್ಕೆ ಬಂದಿದೆ.

ಕರ್ನಾಟಕವು 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನ. ಅಂದು ಪ್ರತಿ ವಾಳೆಯ ಗುರಿಕಾರರು ತಮ್ಮ ಮನೆಗಳಿಗೆ ಈ ನಾಲ್ಕು ಸೂಚನೆಗಳನ್ನು ಮುಟ್ಟಿಸಿದರೆ ಒಂದು ಜೀವವಾದರೂ ಉಳಿದೀತು.